ಡ್ಯೂಟಿ ಡಾಕ್ಟರನ್ನು ದಾಟಿ ರಾಪಿಡ್ ರೆಸ್ಪಾನ್ಸ್ ತಂಡವನ್ನು ಕರೆದರೆ ತಪ್ಪಾ?

ಪ್ರಶ್ನೆ (ವಾರ್ಡ್ ನರ್ಸ್):
ವಾರ್ಡಿನಲ್ಲಿ ರೋಗಿ ಹದಗೆಡುತ್ತಿದ್ದರೆ ತಕ್ಷಣ ಓಡಿ ಬರುವ ಈ ತಂಡ ನಮ್ಮಲ್ಲಿ ಇನ್ನೂ ಹೊಸದು. ಮೊನ್ನೆ ನೈಟ್ ಡ್ಯೂಟಿ, ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನದ ರೋಗಿ. ಉಸಿರು 24, ನಾಡಿ 112, ಮೇಲಿನ ಬಿಪಿ 108, ಆಕ್ಸಿಜನ್ ಹಾಕದೆಯೇ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 95, ಮೈಬಿಸಿ 37.8. ಚೆನ್ನಾಗಿ ಮಾತಾಡ್ತಿದ್ದರು. ಡಾಕ್ಟರಿಗೆ ಹೇಳಿದರೆ "ಬಿಪಿ ಇದೆಯಲ್ಲ ಸಿಸ್ಟರ್, ಬೆಳಿಗ್ಗೆ ರೌಂಡ್ಸ್‌ನಲ್ಲಿ ನೋಡೋಣ" ಅಂದರು. ಮುಂದೆ ಹೀಗಾದರೆ ನಾನೇ ತಂಡಕ್ಕೆ ಫೋನ್ ಮಾಡಬಹುದಾ?

ಉತ್ತರ 1 (ಐಸಿಯು ನರ್ಸ್, ತಂಡದಲ್ಲಿದ್ದೇನೆ):
ಮಾಡಿ. ಯಾರನ್ನೂ ಕೇಳದೆ ವಾರ್ಡಿನವರೇ ಕರೆಯಲಿ ಅಂತಲೇ ಈ ಏರ್ಪಾಡು ಹುಟ್ಟಿದ್ದು. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಶುರುವಾಯಿತು, ಹೃದಯ ನಿಂತ ಮೇಲೆ ಓಡುವ ಬದಲು ಮೊದಲೇ ಬರೋಣ ಅಂತ.

ನಿಮ್ಮ ರೋಗಿಯನ್ನೇ ನ್ಯೂಸ್2 (ಉಸಿರು, ನಾಡಿ ಇತ್ಯಾದಿಗೆ ಅಂಕ ಕೊಟ್ಟು ರೋಗಿ ಹದಗೆಡುವುದನ್ನು ಮೊದಲೇ ಗುರುತಿಸುವ ಸ್ಕೋರ್) ಲೆಕ್ಕಕ್ಕೆ ಹಾಕಿ: ಉಸಿರಿಗೆ 2, ನಾಡಿಗೆ 2, ಬಿಪಿಗೆ 1, ಸ್ಯಾಚುರೇಶನ್‌ಗೆ 1, ಒಟ್ಟು 6. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಆದರೆ ಒಟ್ಟು 5 ಮುಟ್ಟಿದರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ, ಡಾಕ್ಟರ್ ತುರ್ತಾಗಿ ಬಂದು ನೋಡಬೇಕು, ಗಂಟೆಗೊಮ್ಮೆಯಾದರೂ ಚಾರ್ಟ್ ತುಂಬಬೇಕು. 7 ಆದರೆ ಐಸಿಯು ಮಟ್ಟದ ತಂಡವೇ ಬರಬೇಕು.

ಇನ್ನೊಂದು ಮಾತು. ಉಸಿರನ್ನು ನೀವು ನಿಜವಾಗಿ ಎಣಿಸಿದ್ದೀರಿ, ಅದಕ್ಕೆ ಶಭಾಷ್. ನಾನು ಹೋದ ಎಷ್ಟೋ ವಾರ್ಡುಗಳ ಚಾರ್ಟಿನಲ್ಲಿ ಸಾಲಾಗಿ 18, 18, 18. ರೋಗಿ ನೋಡಿದರೆ ಹೆಗಲು ಎತ್ತಿ ಎತ್ತಿ ಉಸಿರಾಡ್ತಿರುತ್ತಾರೆ! ಇವರಿಗೂ 18 ಅಂತ ಬರೆದಿದ್ದರೆ ಸ್ಕೋರ್ 4ಕ್ಕೆ ಇಳೀತಿತ್ತು, ಯಾರೂ ತಿರುಗಿ ನೋಡ್ತಿರಲಿಲ್ಲ. ಮಾನಿಟರ್ ನಂಬಬೇಡಿ, ಎದೆ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ.

ಉತ್ತರ 2 (ಅರಿವಳಿಕೆ ವೈದ್ಯ):
ಸಿಸ್ಟರ್ ಹೇಳಿದ್ದು ಸರಿ, ಆದರೆ ತಂಡ ಕಟ್ಟಿದ ಮಾತ್ರಕ್ಕೆ ಸಾವು ಕಡಿಮೆಯಾಗುತ್ತೆ ಅಂದುಕೊಳ್ಳಬೇಡಿ. ಇಂಥ ತಂಡಗಳಿಂದ ಉಪಯೋಗವಿದೆಯಾ ಅಂತ ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದ ಮೆರಿಟ್ ಅಧ್ಯಯನ (2005) ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಲಕ್ಷಣ ಕಂಡರೂ ಎಷ್ಟೋ ರೋಗಿಗಳಿಗೆ ತಂಡವನ್ನು ಕರೆದೇ ಇರಲಿಲ್ಲ. ಕರೆದವರನ್ನು "ಇಷ್ಟಕ್ಕೆಲ್ಲ ಕರೀತಾರಾ" ಅಂತ ಗದರುವ ನನ್ನಂಥ ಸೀನಿಯರ್‌ಗಳೂ ಇದಕ್ಕೆ ಕಾರಣ ಅನ್ನಿ.

ಪ್ರಶ್ನೆ ಕೇಳಿದವರು:
ಸ್ಕೋರ್ ಕಡಿಮೆ ಇದ್ದು, ಮನಸ್ಸಿಗೆ ಮಾತ್ರ ಯಾಕೋ ಸರಿಯಿಲ್ಲ ಅನ್ನಿಸಿದರೆ?

ಉತ್ತರ 1:
ಆಗಲೂ ಕರೆಯಿರಿ. ಬಹಳ ಕಡೆ "ನರ್ಸ್‌ಗೆ ಆತಂಕ" ಅನ್ನುವುದೇ ಒಂದು ಮಾನದಂಡ, ನಿಮ್ಮಲ್ಲಿ ಪಟ್ಟಿಗೆ ಸೇರಿಸಿದ್ದಾರಾ ವಿಚಾರಿಸಿ. ಮನೆಯವರು "ಇವರು ಹೀಗಿರೋರಲ್ಲ" ಅಂದರೂ ಹಗುರವಾಗಿ ತಗೋಬೇಡಿ. ಹೊಸದಾಗಿ ಗೊಂದಲ ಶುರುವಾದರೆ ಅದೊಂದಕ್ಕೇ 3 ಅಂಕ. ಫೋನಿನಲ್ಲಿ ಮೊದಲು ಬೆಡ್ ನಂಬರ್ ಹೇಳಿ, ಕಥೆ ಆಮೇಲೆ.