ಶೇರ್ ಸಮೀಕ್ಷೆಯ ಪ್ರಶ್ನೆಗಳನ್ನು ಉಡುಪಿಯಲ್ಲಿ ಕೇಳುವುದು ಹೇಗೆ?

ಕಾಪು_ಕಡಲು:
ಮಕ್ಕಳು ಮುಂಬೈ, ಗಲ್ಫ್ ಸೇರಿದ ಮೇಲೆ ಊರಲ್ಲಿ ಉಳಿದ ಹಿರಿಯರ ಬಗ್ಗೆ ಉಡುಪಿಯಲ್ಲಿ ಸಣ್ಣ ಸರ್ವೆ ಮಾಡಲಿಕ್ಕುಂಟು. ಯುರೋಪಿನ ಹಿರಿಯರ ಆರೋಗ್ಯ, ವಯಸ್ಸಾಗುವಿಕೆ, ನಿವೃತ್ತಿ ಬಗ್ಗೆ ಕೇಳುವ ಶೇರ್ (SHARE) ಸಮೀಕ್ಷೆಯ ಪ್ರಶ್ನಾವಳಿಯನ್ನೇ ಬಳಸಿ ಇಟಲಿ, ಸ್ವೀಡನ್ ಜತೆ ಹೋಲಿಸಬೇಕು ಅಂತ. ಎಲ್ಲಿ ಎಡವಬಹುದು?

ಕೊಣಾಜೆ_ಗುಡ್ಡೆ:
ಮೊದಲು ದೂರದ ಪ್ರಶ್ನೆ ನೋಡಿ. ಮಕ್ಕಳು ಎಲ್ಲಿದ್ದಾರೆ ಅನ್ನುವುದಕ್ಕೆ ಅದೇ ಮನೆ, ಅದೇ ಕಟ್ಟಡ, ಆಮೇಲೆ 1, 5, 25, 100, 500 ಕಿ.ಮೀ. ಒಳಗೆ ಅಂತ ಉಂಟು. ಕೊನೆಯದು 500 ಮೀರಿದ್ದು. ಬೆಂಗಳೂರು 500ರ ಒಳಗೇ ಬಂತು. ಮುಂಬೈ, ದುಬೈ ಎರಡೂ ಒಂದೇ ಡಬ್ಬಿಗೆ! ರಾತ್ರಿ ರೈಲು ಹತ್ತಿ ಬರುವ ಮಗಳೂ ವೀಸಾ, ರಜೆ ನೋಡಿ ಬರುವ ಮಗನೂ ಒಂದೇ ಲೆಕ್ಕವಾದರೆ ನಿಮ್ಮ ಸರ್ವೆಯಲ್ಲಿ ಉಳಿಯುವುದೇನು ಮಾರಾಯ್ರೆ? ಹೋಲಿಕೆಗಾಗಿ ಆ ಪಟ್ಟಿ ಹಾಗೇ ಇರಲಿ. ಕೆಳಗೆ ಯಾವ ಊರು, ವರ್ಷಕ್ಕೆ ಎಷ್ಟು ಸಲ ಬರುತ್ತಾರೆ ಅಂತ ಸೇರಿಸಿ.

ನಿವೃತ್ತಿಯೂ ಹಾಗೆಯೇ. ಜರ್ಮನಿಯಲ್ಲಿ 1964ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ 67 ಅಂತ ಕಾನೂನೇ ಉಂಟು. ಇಲ್ಲಿ ಮನೆಯಲ್ಲೇ ಬೀಡಿ ಕಟ್ಟುವವರಿಗೆ ಅಂಥ ಗಡಿ ಇಲ್ಲ. ಅವರನ್ನು ‘ನಿವೃತ್ತರಾ?’ ಅಂತ ಕೇಳಿದರೆ ‘ಮನೆಯಲ್ಲೇ ಇದ್ದೇನೆ’ ಅಂತಾರೆ, ನೀವು ಗೃಹಿಣಿ ಅಂತ ಬರೆದುಕೊಳ್ಳುತ್ತೀರಿ. ಕಳೆದ ವಾರ ಎಷ್ಟು ಬೀಡಿ ಕಟ್ಟಿದಿರಿ ಅಂತ ಕೇಳಿ.

ಬಾರ್ಕೂರು_ಗದ್ದೆ:
ಬರೀ ಮಕ್ಕಳ ಬಗ್ಗೆ ಕೇಳಿದರೆ ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳಲ್ಲಿ ತಂಗಿಯ ಮಗಳು ನೋಡಿಕೊಳ್ಳುವುದು ಲೆಕ್ಕಕ್ಕೇ ಬರುವುದಿಲ್ಲ. ಶೇರ್‌ನ ನಾಲ್ಕನೇ ಸುತ್ತಿನಲ್ಲಿ ಸೇರಿಸಿದ ನಂಟುಜಾಲದ ಭಾಗ ತೆಗೆದುಕೊಳ್ಳಿ: ಮುಖ್ಯ ವಿಷಯ ಯಾರ ಹತ್ತಿರ ಮಾತಾಡುತ್ತೀರಿ ಅಂತ ಆರು ಹೆಸರು, ಬೇರೆ ಕಾರಣಕ್ಕೆ ಬೇಕಾದವರು ಇನ್ನೊಬ್ಬರು. ಆದರೆ ಅಲ್ಲಿ ತಂಗಿಯ ಮಗಳಿಗೂ ತಮ್ಮನ ಮಗಳಿಗೂ ಒಂದೇ ಕೋಡ್. ಅದನ್ನು ನೀವೇ ಬೇರೆ ಮಾಡಬೇಕು.

ಡೇಟಾ_ಸೋಸುವವ:
ಯುರೋಪಿನ ಫೈಲುಗಳ ಬಗ್ಗೆ. ಆದಾಯ, ಆಸ್ತಿಯ ಇಂಪ್ಯುಟೇಶನ್ (ಉತ್ತರ ಸಿಗದ ಕಡೆ ಅಂದಾಜು ತುಂಬಿದ) ಫೈಲಿನಲ್ಲಿ ಒಬ್ಬರಿಗೆ ಐದು ಸಾಲು. ಗಮನಿಸದೆ ಮರ್ಜ್ ಮಾಡಿದರೆ ಸ್ಯಾಂಪಲ್ ಐದು ಪಟ್ಟು. ಹುಟ್ಟಿದ ದೇಶ ಕೇಳುವುದು ಮೊದಲ ಸಂದರ್ಶನದಲ್ಲಿ ಮಾತ್ರ. ಹಳೇ ಸುತ್ತಿನಿಂದ ‘ಮರ್ಜ್‌ಐಡಿ’ (ಒಬ್ಬೊಬ್ಬರ ಗುರುತಿನ ಸಂಖ್ಯೆ) ಹಿಡಿದು ತರದಿದ್ದರೆ ವಲಸಿಗರ ಕಾಲಂ ಖಾಲಿ ಕಾಣುತ್ತದೆ. ಶೇರ್ 50 ದಾಟಿದವರದ್ದು, ಆದರೆ ಗಂಡ ಅಥವಾ ಹೆಂಡತಿ ಚಿಕ್ಕವರಿದ್ದರೂ ಸೇರುತ್ತಾರೆ, ಸೋಸಿ. ಭಾರತದ ಹಿರಿಯರ ಬಗ್ಗೆ ಇಂಥದ್ದೇ ನಮ್ಮ ಸಮೀಕ್ಷೆ ಲಾಸಿ (LASI, 2017–18) 45 ವರ್ಷದಿಂದ ಶುರು. ಕರ್ನಾಟಕದ ಮಟ್ಟಕ್ಕೆ ಅದನ್ನು ಬಳಸಿ. ಉಡುಪಿ ಜಿಲ್ಲೆಗೆ ಅಂತ ಅದರಿಂದ ಅಂಕಿ ತೆಗೆಯಬೇಡಿ, ಸ್ಯಾಂಪಲ್ ತೆಗೆದದ್ದು ರಾಜ್ಯಕ್ಕೆ.

ಕಾಪು_ಕಡಲು:
ಉಪಕಾರ ಆಯ್ತು. ಪ್ರಶ್ನಾವಳಿ ಕನ್ನಡದಲ್ಲಿ ಸಾಕಾ, ತುಳುವಿನಲ್ಲೂ ಬೇಕಾ?

ಕೊಣಾಜೆ_ಗುಡ್ಡೆ:
ತುಳು ಬೇಕೇ ಬೇಕು, ಬ್ಯಾರಿ, ಕೊಂಕಣಿ ಮನೆಗಳಿದ್ದರೆ ಅವೂ. ಕನ್ನಡ ಲಿಪಿಯಲ್ಲಿ ಪೂರ್ತಿ ಬರೆದು ಎಲ್ಲ ಸರ್ವೆಯವರ ಕೈಗೆ ಕೊಡಿ. ಬಾಗಿಲಲ್ಲಿ ನಿಂತು ಒಬ್ಬೊಬ್ಬರು ಒಂದೊಂದು ಥರ ಕೇಳಿದರೆ ಉತ್ತರದ ವ್ಯತ್ಯಾಸ ಮನೆಯದ್ದೋ ಕೇಳಿದವರದ್ದೋ ತಿಳಿಯುವುದಿಲ್ಲ.