ಅಪ್‌ಡೇಟ್: ಫೋಲ್ಡರ್ ಮರೆಮಾಡಿದರೆ ಸಾಲದು, ವೆರಾಕ್ರಿಪ್ಟ್‌ಗೆ ಬದಲಾಯಿಸಿದೆ

ಮನೆಯವರೆಲ್ಲ ಬಳಸುವ ವಿಂಡೋಸ್ ಕಂಪ್ಯೂಟರಿನಲ್ಲಿ ಖಾಸಗಿ ಫೋಲ್ಡರ್ ಕಾಪಾಡುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಫೋಲ್ಡರ್ ಮರೆಮಾಡಲು ವಿಂಡೋಸ್‌ನಲ್ಲಿ ಬಳಸುವ ‘ಅಟ್ರಿಬ್ +ಎಚ್ +ಎಸ್’ ಕಮಾಂಡ್ ಅದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಅಷ್ಟೇ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಎರಡು ಸೆಟ್ಟಿಂಗ್ ಬದಲಿಸಿದವರಿಗೆ ಎಲ್ಲವೂ ತೆರೆದುಕೊಳ್ಳುತ್ತದೆ.

ಹಾಗಾಗಿ ಪಾಸ್‌ವರ್ಡ್ ಇಲ್ಲದೆ ಫೈಲುಗಳನ್ನು ಓದಲಾಗದಂತೆ ಮಾಡುವ ವೆರಾಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ 20 ಜಿಬಿಯ ಕಂಟೇನರ್ (ಪಾಸ್‌ವರ್ಡ್ ಕೊಟ್ಟಾಗ ಬೇರೆ ಡ್ರೈವ್‌ನಂತೆ ತೆರೆಯುವ ಫೈಲ್) ಮಾಡಿದೆ. ಫೈಲ್ ಸಿಸ್ಟಮ್ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನ) ಆರಿಸುವಾಗ ಎಚ್ಚರ: ಫ್ಯಾಟ್ ಇಟ್ಟರೆ 4 ಜಿಬಿಗಿಂತ ದೊಡ್ಡ ವಿಡಿಯೊ ಒಳಗೆ ಹೋಗುವುದೇ ಇಲ್ಲ, ಎನ್‌ಟಿಎಫ್‌ಎಸ್ ಆರಿಸಿ. ಪಾಸ್‌ವರ್ಡ್ 20 ಅಕ್ಷರ ದಾಟಿರಲಿ, ಮರೆತರೆ ವಾಪಸ್ ಪಡೆಯುವ ದಾರಿಯಿಲ್ಲ. ಟೂಲ್ಸ್ ಮೆನುವಿನಿಂದ ವಾಲ್ಯೂಮ್ ಹೆಡರ್‌ನ (ಕಂಟೇನರ್ ತೆರೆಯಲು ಬೇಕಾದ ಕೀಲಿಯ ಮಾಹಿತಿ ಇರುವ ಭಾಗ) ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿಡಿ. ಹೆಡರ್ ಕೆಟ್ಟರೆ ಸರಿಯಾದ ಪಾಸ್‌ವರ್ಡ್ ಇದ್ದರೂ ಕಂಟೇನರ್ ತೆರೆಯದೆ ಹೋಗಬಹುದು.

ಕೆಲಸ ಮುಗಿದ ಮೇಲೆ ವೆರಾಕ್ರಿಪ್ಟ್‌ನಲ್ಲಿ ಅನ್‌ಮೌಂಟ್ (ಡ್ರೈವ್ ಮುಚ್ಚುವ ಬಟನ್) ಒತ್ತಲೇಬೇಕು. ಬರೀ ವಿಂಡೋ ಮುಚ್ಚಿದರೆ ಡ್ರೈವ್ ತೆರೆದೇ ಇರುತ್ತದೆ. ಎಕ್ಸ್‌ಪ್ಲೋರರ್‌ನ ರೀಸೆಂಟ್ (ಇತ್ತೀಚೆಗೆ ತೆರೆದ ಫೈಲುಗಳ) ಪಟ್ಟಿಯಲ್ಲಿ ಫೈಲಿನ ಹೆಸರು ಉಳಿಯುತ್ತದೆ, ಅದನ್ನೂ ಆಫ್ ಮಾಡಿ.