ಸಹಾಯ ಬೇಕು: ಅಮ್ಮನ ಬೀರು ಖಾಲಿ ಮಾಡಬೇಕು, ಕೈ ಬರುತ್ತಿಲ್ಲ

ಎಲ್ಲರಿಗೂ ವಂದನೆಗಳು. ನಾನು ವಿಲ್ಸನ್ ಗಾರ್ಡನ್‌ನವಳು. ಹಡ್ಸನ್ ವೃತ್ತದ ಚರ್ಚಿನಲ್ಲಿ ಕನ್ನಡ ಆರಾಧನೆಗೆ ಹೋಗುತ್ತೇನೆ. ಹೋದ ವರ್ಷ ಅಮ್ಮ ಕರ್ತನ ಸನ್ನಿಧಿಗೆ ಸೇರಿದರು. ಅವರ ಬೀರು ಹಾಗೇ ಇದೆ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ನುಸಿಗುಳಿಗೆ, ಕೆಳಗೆ ಹೆಸರು ಕೊರೆಸಿದ ಸ್ಟೀಲ್ ಡಬ್ಬಗಳು.

ನುಸಿ ಹಿಡಿಯುವ, ಕಿಲುಬು ಹತ್ತುವ ಗಂಟನ್ನು ಭೂಮಿಯ ಮೇಲೆ ಕೂಡಿಡಬೇಡಿ ಅಂತ ಯೇಸು ಹೇಳಿದ್ದು ಗೊತ್ತು (ಮತ್ತಾಯ 6:19). ಯೇಸುವಿನ ಹತ್ತಿರ ಬಂದು, ಆಸ್ತಿ ಬಿಡಲಾಗದ ಯುವಕ ದುಃಖದಿಂದ ಹೊರಟುಹೋದದ್ದೂ ಗೊತ್ತು. ಆದರೆ ನನ್ನನ್ನು ಹಿಡಿದಿರುವುದು ನೆನಪು. ಅದನ್ನೂ ಬಿಡಬೇಕಾ? ತಮ್ಮ ಸ್ನೇಹಿತ ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತರಲ್ವಾ (ಯೋಹಾನ 11:35)! ಅಳುವುದು ತಪ್ಪಲ್ಲ, ಸುಮ್ನೆ ಬೀಗ ಹಾಕಿ ಇಟ್ಟುಕೊಳ್ಳುವುದು ಸರಿಯಲ್ಲ ಅಂತ ನನಗನಿಸುತ್ತದೆ.

ಸೀರೆ, ಪಾತ್ರೆಗಳನ್ನು ನಿಜವಾಗಿ ಬಳಸುವವರಿಗೆ ತಲುಪಿಸುವ ಆಶ್ರಮವೋ ಸಭೆಯೋ ಬೆಂಗಳೂರಿನಲ್ಲಿ ಗೊತ್ತಿದ್ದರೆ ತಿಳಿಸಿ. ಗುಜರಿಗೆ ಹಾಕಲು ಮನಸ್ಸಿಲ್ಲ. ಅಪ್ಪ ಅಮ್ಮನ ವಸ್ತುಗಳನ್ನು ಪ್ರಾರ್ಥನೆ ಮಾಡಿ ಕೊಟ್ಟವರು ಇಲ್ಲಿದ್ದರೆ, ಯಾವುದರಿಂದ ಶುರು ಮಾಡಿದಿರಿ? ಒಂದನ್ನಾದರೂ ಇಟ್ಟುಕೊಂಡಿರಾ? ಒಂದು ಶನಿವಾರ ನಮ್ಮ ಮನೆಗೆ ಬಂದು, ಜೊತೆಗೆ ಕೂತು ಪ್ರಾರ್ಥಿಸಿ, ಸೀರೆ ಮಡಚಲು ಕೈಜೋಡಿಸುವ ಅಕ್ಕಂದಿರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಊಟ ನಮ್ಮಲ್ಲೇ.